‘ಅಂಗಳ ಮಲಗಿದೆಯಾ?’: ಮಾರ್ಟಿನಿಕ್ಕಿನ ಕಥೆಗಾರನೂ ಪೊಲೀಸರ ಮಹಜರೂ

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಈ ಸಲ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದ ಲೇಖಕ ಪತ್ರಿಕ್ ಶಾಮ್ವಾಜೊ ಅವರ ‘ಸೊಲಿಬೊ ಮ್ಯಾಗ್ನಿಫಿಸೆಂಟ್’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆವು. ಜನರಿಗೆ ಕಥೆ ಹೇಳುವ ಸೊಲಿಬೊ ಶುರುವಿನಲ್ಲೇ ಸತ್ತುಹೋಗುತ್ತಾನೆ. ಆಮೇಲೆ ಪುಸ್ತಕದ ತುಂಬಾ ಪೊಲೀಸರದ್ದೇ ಕಾರುಬಾರು. ಇದು ವಸಾಹತು ಆಡಳಿತದ ವಿರುದ್ಧ ಎದ್ದು ನಿಂತ ಕಾದಂಬರಿ ಅಂತಾರೆ. ಅದು ಹೇಗೆ? ಗುಲಾಮರು ರಾತ್ರಿ ಕಥೆ ಹೇಳಿಕೊಳ್ಳುವುದಕ್ಕೆ ಧಣಿಗಳೇ ಬಿಟ್ಟಿದ್ದರಂತೆ. ಕಥೆಯಲ್ಲಿ ಮೊಲ ಹುಲಿಗೆ ಮೋಸ ಮಾಡಿದರೆ ಧಣಿಗೇನು ನಷ್ಟ? ಅಷ್ಟೆಲ್ಲಾ ಕ್ರಿಯೋಲ್ (ಅಲ್ಲಿನ ಜನರ ಆಡುಮಾತು) ಅಭಿಮಾನ ಇದ್ದವರು ಫ್ರೆಂಚಿನಲ್ಲಿ ಯಾಕೆ ಬರೆದರು?

ಉತ್ತರ: ನಿಮಗೆ ಬಂದ ಅನುಮಾನ ನನಗೂ ಬಂದಿತ್ತು. ಈ ಕಾದಂಬರಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅರ್ಧಕ್ಕೇ ಮುಚ್ಚಿಟ್ಟಿದ್ದೆ. ಆಮೇಲೆ ಬೇರೊಂದು ಕೆಲಸಕ್ಕಾಗಿ ಫ್ರಾನ್ಸಿನ ಹಳೆಯ ಗುಲಾಮಗಿರಿ ಕಾಯಿದೆಯನ್ನು ಓದಬೇಕಾಯಿತು. ಅದನ್ನು ಓದಿ ಮತ್ತೆ ಕಾದಂಬರಿಗೆ ಬಂದಾಗ, ಪೊಲೀಸರಿಗೆ ಅಷ್ಟೊಂದು ಜಾಗ ಯಾಕೆ ಕೊಟ್ಟಿದ್ದಾರೆ ಅಂತ ಹೊಳೆಯಿತು. ಹಾಗಾಗಿ ಆ ಕಾಯಿದೆಯಿಂದಲೇ ಶುರು ಮಾಡುತ್ತೇನೆ.

ಮಾರ್ಟಿನಿಕ್ 1635ರಲ್ಲಿ ಫ್ರೆಂಚರ ಕೈಗೆ ಹೋಯಿತು. ಕಬ್ಬಿನ ತೋಟಗಳು ಎದ್ದವು. ಆಫ್ರಿಕದಿಂದ ಜನರನ್ನು ಹಿಡಿದು ತಂದು ದುಡಿಸಿದರು. 1685ರಲ್ಲಿ ಹದಿನಾಲ್ಕನೇ ಲೂಯಿ ದೊರೆ ಗುಲಾಮರಿಗಾಗಿಯೇ ಒಂದು ಕಾಯಿದೆ ಹೊರಡಿಸಿದ. ಅದನ್ನು ‘ಕೋಡ್ ನ್ವಾರ್’, ಅಂದರೆ ಕಪ್ಪು ಕಾಯಿದೆ ಎಂದು ಕರೆಯುತ್ತಾರೆ. ಅದರಲ್ಲಿ ಎರಡು ಕಲಮುಗಳನ್ನು ನೀವು ನೆನಪಿಟ್ಟುಕೊಳ್ಳಬೇಕು.

ಹದಿನಾರನೇ ಕಲಮು ಹೀಗಿದೆ: ಬೇರೆ ಬೇರೆ ಧಣಿಗಳ ಗುಲಾಮರು ಹಗಲಾಗಲಿ ರಾತ್ರಿಯಾಗಲಿ ಒಂದೆಡೆ ಸೇರುವಂತಿಲ್ಲ. ಮದುವೆಯ ನೆಪ ಹೇಳಿದರೂ ಇಲ್ಲ. ಸೇರಿದರೆ ಚಾವಟಿ ಏಟು, ಮೈಮೇಲೆ ಕಾಯಿಸಿದ ಕಬ್ಬಿಣದ ಬರೆ. ಮತ್ತೆ ಮತ್ತೆ ಸೇರಿದರೆ ಮರಣದಂಡನೆಯೂ ಆಗಬಹುದು. ಮೂವತ್ತನೇ ಕಲಮು ಸಾಕ್ಷಿಯದ್ದು. ಗುಲಾಮ ಸಾಕ್ಷಿ ಹೇಳುವಂತಿಲ್ಲ. ಅಕಸ್ಮಾತ್ ಅವನ ಮಾತು ಕೇಳಿದರೂ, ನ್ಯಾಯಾಧೀಶರು ಬೇರೆ ಕಡೆಯಿಂದ ವಿಷಯ ತಿಳಿದುಕೊಳ್ಳಲು ಅದೊಂದು ಟಿಪ್ಪಣಿ ಅಷ್ಟೆ. ಅದರಿಂದ ಯಾವ ತೀರ್ಮಾನವನ್ನೂ, ಊಹೆಯನ್ನೂ ಮಾಡುವಂತಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನಾಲ್ಕು ಜನ ಸೇರಿದರೆ ಅಪರಾಧ. ಬಾಯಿ ಬಿಟ್ಟು ಹೇಳಿದರೆ ಅದು ಲೆಕ್ಕಕ್ಕಿಲ್ಲ. ಜನ ಸೇರುವುದು ಮತ್ತು ಮಾತಿಗೆ ಬೆಲೆ ಬರುವುದು, ಇವೆರಡನ್ನೇ ಕಾಯಿದೆ ಕಿತ್ತುಕೊಂಡಿತು. ಕಥೆ ಹೇಳುವುದಕ್ಕೆ ಬೇಕಾದದ್ದೂ ಇವೆರಡೇ, ಅಲ್ವಾ?

ಒಂದು ಸಂದಿ ಉಳಿದಿತ್ತು. ಸಾವು. ತೋಟದಲ್ಲಿ ಯಾರಾದರೂ ಸತ್ತರೆ ಆ ರಾತ್ರಿ ಹೆಣದ ಮುಂದೆ ಕೂತು ಜಾಗರಣೆ ಮಾಡಬೇಕು. ಇದಕ್ಕೆ ತೋಟದ ಧಣಿಗಳು ಸಾಮಾನ್ಯವಾಗಿ ಅಡ್ಡಿ ಮಾಡುತ್ತಿರಲಿಲ್ಲ. ಮನೆಯೊಳಗೆ ಹೆಂಗಸರು ಪ್ರಾರ್ಥನೆ ಮಾಡುತ್ತಿದ್ದರು. ಹೊರಗೆ ಅಂಗಳದಲ್ಲಿ ಡೋಲು, ರಮ್ಮು, ಕಥೆ. ಕ್ರಿಯೋಲ್ ಕಥೆಗಾರ ಹುಟ್ಟಿದ್ದು ಆ ಅಂಗಳದಲ್ಲಿ, ಹೆಣದ ಪಕ್ಕದಲ್ಲಿ. ಈ ಕಥೆಗಳಲ್ಲಿ ಅಷ್ಟೊಂದು ನಗು ಯಾಕಿದೆ ಅಂತ ಕೇಳುವವರು ಇದನ್ನು ಮರೆಯಬಾರದು.

ಆ ಕಥೆ ಹೇಳುವ ಬಗೆ ನಿಮಗೆ ಗೊತ್ತಾಗಬೇಕು. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಅಜ್ಜಿ ನಿಲ್ಲಿಸಿಬಿಡುತ್ತಾಳೆ. ಅಲ್ಲಿ ಆ ಹೂಂಗುಟ್ಟು ಇನ್ನೂ ಜೋರು. ಕಥೆಗಾರ ‘ಕ್ರಿಕ್!’ ಅಂತ ಕೂಗುತ್ತಾನೆ. ಕೂತವರೆಲ್ಲ ‘ಕ್ರಾಕ್!’ ಅನ್ನಬೇಕು. ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳುತ್ತಾನೆ: ‘ಅಂಗಳ ಮಲಗಿದೆಯಾ?’ ಎಲ್ಲರೂ ಒಟ್ಟಿಗೆ: ‘ಇಲ್ಲ, ಅಂಗಳ ಮಲಗಿಲ್ಲ!’ ಅಂಗಳ ಅಂದರೆ ಇಲ್ಲಿ ಕೂತ ಜನ. ಮಧ್ಯೆ ಒಗಟುಗಳೂ ಬರುತ್ತವೆ. ನಿಂತ ನೀರು ಯಾವುದು? ಕಬ್ಬು. ನೇತಾಡುವ ನೀರು ಯಾವುದು? ತೆಂಗಿನಕಾಯಿ. ಪಕ್ಕದಲ್ಲಿ ಡೋಲಿನವನು ಮಾತಿನ ಏರಿಳಿತಕ್ಕೆ ತಕ್ಕಂತೆ ಬಾರಿಸುತ್ತಾನೆ. ಇದೆಲ್ಲ ರಾತ್ರಿ ಮಾತ್ರ. ಹಗಲಲ್ಲಿ ಕಥೆ ಹೇಳಿದರೆ ಬುಟ್ಟಿಯಾಗಿಬಿಡುತ್ತೀಯ ಅಂತ ಹಿರಿಯರು ಹೆದರಿಸುತ್ತಿದ್ದರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಧಣಿಯೇ ಬಿಟ್ಟ ಮೇಲೆ ಇದರಲ್ಲಿ ಎದುರಿಸುವ ಮಾತೆಲ್ಲಿ ಬಂತು?

ನೀವು ಹೇಳಿದ್ದು ನಿಜ. ಶಾಮ್ವಾಜೊ ಅವರೇ ಅದನ್ನು ಮುಚ್ಚಿಟ್ಟಿಲ್ಲ. ಕಥೆಗಾರ ತೋಟ ಬಿಟ್ಟು ಕಾಡಿಗೆ ಓಡಿಹೋದ ಬಂಡಾಯಗಾರನಲ್ಲ. ಅವನು ಹಗಲೆಲ್ಲ ತಲೆ ತಗ್ಗಿಸಿ ದುಡಿಯುವವನು. ಎಷ್ಟೋ ಸಲ ಧಣಿಯ ಕಣ್ಣಿಗೆ ಒಳ್ಳೆಯ ಆಳು. ರಾತ್ರಿ ಮಾತ್ರ ಅವನ ನಾಲಿಗೆ ಬೇರೆ. ಧಣಿಯ ಕಿವಿಗೆ ಬೀಳಬಹುದು ಎಂದು ಗೊತ್ತಿದ್ದೇ ಮಾತಾಡುವವನು ಅವನು. ಹಾಗಾಗಿ ಅವನ ಮಾತು ಸುತ್ತಿ ಬಳಸಿ ಹೋಗುತ್ತದೆ. ಹೇಳಬೇಕಾದದ್ದನ್ನು ಹೇಳಿ ತಕ್ಷಣ ಅದರ ಮೇಲೊಂದು ತಮಾಷೆ ಮುಚ್ಚುತ್ತದೆ. ಇದ್ದಕ್ಕಿದ್ದಂತೆ ಕೂಗುತ್ತದೆ, ಓಡುತ್ತದೆ, ಅರ್ಥವಿಲ್ಲದ ಶಬ್ದ ಮಾಡುತ್ತದೆ. ಅದೇ ದ್ವೀಪದ ಚಿಂತಕ ಎದುಆರ್ ಗ್ಲಿಸಾನ್ 1981ರಲ್ಲಿ ಬಂದ ತಮ್ಮ ದೊಡ್ಡ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಗುರುತಿಸಿದರು. ಮಾತಾಡಬೇಡ ಅಂದಾಗ ಗುಲಾಮ ತನ್ನ ಮಾತನ್ನು ಗಲಾಟೆಯೊಳಗೆ ಬಚ್ಚಿಟ್ಟ. ಹೊರಗಿನವನಿಗೆ ಕೇಳುವುದು ಬರೀ ಕಿರುಚಾಟ. ಒಳಗಿನವನಿಗೆ ಅದೇ ಮಾತು.

ಅಂದರೆ ಎದುರಿಸುವ ಗುಣವನ್ನು ಕಥೆಯ ನೀತಿಯಲ್ಲಿ ಹುಡುಕಿದರೆ ಜಾಸ್ತಿ ಸಿಗುವುದಿಲ್ಲ. ಕಥೆ ನಡೆಯುವ ರೀತಿಯಲ್ಲಿ ಹುಡುಕಬೇಕು. ದಿನವಿಡೀ ಅಪ್ಪಣೆ ಕೇಳಿಸಿಕೊಂಡ ಜನ ರಾತ್ರಿ ಒಬ್ಬನ ಕೂಗಿಗೆ ತಾವಾಗಿ ಓಗೊಡುತ್ತಾರೆ. ಕಾಯಿದೆ ಇವರ ಮಾತು ಲೆಕ್ಕಕ್ಕಿಲ್ಲ ಅಂದಿತ್ತು. ಅಂಗಳದಲ್ಲಿ ಅವರು ‘ಕ್ರಾಕ್’ ಅನ್ನದಿದ್ದರೆ ಕಥೆಯೇ ಮುಂದೆ ಹೋಗದು. ಇದನ್ನು ಸಣ್ಣ ಸಂಗತಿ ಅಂತ ನಾನು ಒಪ್ಪುವುದಿಲ್ಲ.

ಹಾಗಂತ ಕಥೆಗಳನ್ನು ಸುಮ್ನೆ ವೈಭವೀಕರಿಸುವುದೂ ಬೇಡ. ಮೊಲಣ್ಣನನ್ನೇ ನೋಡಿ. ಅವನು ಹುಲಿಗೆ ಮೋಸ ಮಾಡುವುದು ನಿಜ, ಆದರೆ ತನಗಿಂತ ಬಡಪಾಯಿಗಳಿಗೂ ಮಾಡುತ್ತಾನೆ. ಗೆದ್ದದ್ದನ್ನು ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ. ಈ ಕಥೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಹಸಿವು. ಯಾರು ಯಾರ ಅಡುಗೆ ಕದ್ದರು, ಯಾರ ಪಾತ್ರೆ ಖಾಲಿಯಾಯಿತು, ಇದೇ. ಕೂತು ಕೇಳುತ್ತಿದ್ದವರ ಹೊಟ್ಟೆಯಲ್ಲಿ ಏನಿತ್ತು ಅನ್ನುವುದು ಅದರಿಂದಲೇ ತಿಳಿಯುತ್ತದೆ. ಬದುಕಿ ಉಳಿಯುವ ಉಪಾಯ ಕಲಿಸುವ ಕಥೆಗಳು ಇವು. ಒಟ್ಟಾಗಿ ಎದ್ದು ನಿಲ್ಲಲು ಕಲಿಸುವುದಿಲ್ಲ.

ಆದರೂ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಪುಟಾಣಿ ಜಾನ್, ಅಲ್ಲಿಯವರ ಬಾಯಲ್ಲಿ ‘ತಿ-ಜಾಂ’, ಕಥೆಗಳ ತುಂಟ ಹುಡುಗ. ಒಂದು ಕಥೆಯಲ್ಲಿ ಬಿಳಿ ಧಣಿ ಅವನನ್ನು ಸಮುದ್ರಕ್ಕೆ ಎಸೆದು ಸಾಯಿಸಲು ನೋಡುತ್ತಾನೆ. ಹುಡುಗ ಹೇಗೋ ತಪ್ಪಿಸಿಕೊಂಡು ದನಗಳ ಹಿಂಡಿನೊಂದಿಗೆ ವಾಪಸ್ ಬರುತ್ತಾನೆ. ಇವೆಲ್ಲ ಸಮುದ್ರದ ತಳದಲ್ಲಿ ಸಿಕ್ಕವು ಅನ್ನುತ್ತಾನೆ. ಧಣಿಗೆ ಆಸೆ ತಡೆಯುವುದಿಲ್ಲ. ‘ನನ್ನನ್ನೂ ಚೀಲದಲ್ಲಿ ಕಟ್ಟಿ ಎಸಿ’ ಅಂತ ತಾನೇ ಕೇಳಿಕೊಳ್ಳುತ್ತಾನೆ. ಹುಡುಗ ಹೇಳಿದಂತೆ ಮಾಡುತ್ತಾನೆ. ಇಂಥ ಕಥೆ ಜಗತ್ತಿನ ಹಲವು ಕಡೆ ಇದೆ. ಆದರೆ ಧಣಿಯ ತೋಟದಲ್ಲಿ, ಅವನ ಬಂಗಲೆಗೆ ಕೇಳಿಸುವಷ್ಟು ದೂರದಲ್ಲಿ ಇದನ್ನು ಹೇಳಿ ಎಲ್ಲರೂ ಒಟ್ಟಿಗೆ ನಗುವುದನ್ನು ಊಹಿಸಿಕೊಳ್ಳಿ. ಹುಡುಗ ಅಪ್ಪಣೆ ಮೀರಲಿಲ್ಲ. ಧಣಿ ಹೇಳಿದ್ದನ್ನೇ ಮಾಡಿದ.

ಇನ್ನೊಂದು ವಿಷಯ ಡೋಲಿನದ್ದು. ಇದು ಕಥೆಯಲ್ಲ, ನಡೆದದ್ದು. 1848ರ ಏಪ್ರಿಲ್ 27ರಂದು ಪ್ಯಾರಿಸ್ಸಿನಲ್ಲಿ ಗುಲಾಮಗಿರಿ ರದ್ದಾಯಿತು. ಸುದ್ದಿ ಹಡಗಿನಲ್ಲಿ ಬರಬೇಕಿತ್ತು. ಅದು ಬರುವ ಮೊದಲೇ, ಮೇ ತಿಂಗಳಲ್ಲಿ, ಮಾರ್ಟಿನಿಕ್ಕಿನ ಒಂದು ತೋಟದಲ್ಲಿ ರೊಮಾಂ ಎಂಬ ಗುಲಾಮನನ್ನು ಹಿಡಿದು ಒಳಗೆ ಹಾಕಿದರು. ಬೇಡ ಅಂದರೂ ಡೋಲು ಬಾರಿಸಿದ ಅನ್ನುವುದು ಅವನ ಮೇಲಿನ ದೂರು. ಮರಗೆಣಸು ತುರಿಯುವ ಕೆಲಸಕ್ಕೆ ಜನ ಡೋಲು ಬಾರಿಸುತ್ತಿದ್ದರು. ಅವನನ್ನು ಬಿಡಿಸಲು ಜನ ಎದ್ದರು. ಮೇ 22ಕ್ಕೆ ಸೇಂಟ್-ಪಿಯೇರ್ ಪಟ್ಟಣ ಹೊತ್ತಿ ಉರಿಯಿತು. ಮರುದಿನ ಗವರ್ನರ್ ಪ್ಯಾರಿಸ್ಸಿನ ಕಾಗದಕ್ಕೆ ಕಾಯದೆ ಗುಲಾಮಗಿರಿ ಮುಗಿಯಿತೆಂದು ಸಾರಬೇಕಾಯಿತು. ಅಲ್ಲಿ ಇವತ್ತಿಗೂ ಮೇ 22 ಸಾರ್ವಜನಿಕ ರಜೆ. ಆ ಅಂಗಳದ ಡೋಲು ಬರೀ ಮನರಂಜನೆ ಅಂತ ಆಳುವವರು ಯಾವತ್ತೂ ನಂಬಿರಲಿಲ್ಲ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಸೊಲಿಬೊನ ಹತ್ತಿರ ಬನ್ನಿ.

1988ರಲ್ಲಿ ಬಂದ ಕಾದಂಬರಿ ಇದು. ಮಾರ್ಟಿನಿಕ್ ಆಗ ಹೆಸರಿಗೆ ವಸಾಹತು ಅಲ್ಲ. 1946ರಿಂದ ಅದು ಫ್ರಾನ್ಸಿನದೇ ಒಂದು ಜಿಲ್ಲೆ. ಅಧಿಕಾರಿಗಳು, ಪೊಲೀಸರು ಎಷ್ಟೋ ಮಂದಿ ಅಲ್ಲಿಯವರೇ, ಕಪ್ಪು ಜನರೇ. ಕಾರ್ನಿವಲ್ ಹಬ್ಬದ ರಾತ್ರಿ. ಫೋರ್-ದ-ಫ್ರಾನ್ಸ್ ಪಟ್ಟಣದ ಸವಾನ್ ಮೈದಾನದಲ್ಲಿ ಹುಣಸೆ ಮರದ ಕೆಳಗೆ ಸೊಲಿಬೊ ಕಥೆ ಹೇಳುತ್ತಿದ್ದಾನೆ. ಹೇಳುತ್ತಾ ಹೇಳುತ್ತಾ ‘ಪತಾತ್‌ಸಾ!’ ಅಂತ ಕೂಗಿ ಬೀಳುತ್ತಾನೆ. ಕೂತವರು ಅಭ್ಯಾಸದಂತೆ ‘ಪತಾತ್‌ಸಿ!’ ಅಂತ ಓಗೊಡುತ್ತಾರೆ. ಇದೂ ಕಥೆಯ ಒಂದು ಪಟ್ಟು ಅಂದುಕೊಂಡು ಎಷ್ಟೋ ಹೊತ್ತು ಕಾಯುತ್ತಾರೆ. ಆಮೇಲೆ ಕಾಂಗೊ ಎಂಬ ಮುದುಕ ಹೇಳುತ್ತಾನೆ: ಇವನು ಸತ್ತಿದ್ದಾನೆ, ಮಾತೇ ಇವನ ಗಂಟಲು ಹಿಸುಕಿತು. ಕಾಂಗೊ ಮರಗೆಣಸು ತುರಿಯುವ ತುರಿಮಣೆ ಮಾಡುವವನು. ಲೇಖಕರು 1848ರ ಡೋಲನ್ನು ನೆನೆದೇ ಅವನಿಗೆ ಆ ಕಸುಬು ಕೊಟ್ಟರು ಅಂತ ನಾನು ಹೇಳಲಾರೆ. ಆದರೆ ಓದುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ಪುಸ್ತಕ ತೆರೆದ ಕೂಡಲೇ ಏನು ಸಿಗುತ್ತದೆ ನೆನಪಿಸಿಕೊಳ್ಳಿ. ಕಥೆಯಲ್ಲ, ಮಹಜರು. ಹೆಣ ಎಲ್ಲಿ ಬಿದ್ದಿತ್ತು, ಹೇಗೆ ಬಿದ್ದಿತ್ತು, ಸುತ್ತ ಏನಿತ್ತು. ಸರ್ಕಾರದ ಫ್ರೆಂಚಿನಲ್ಲಿ, ಒಂದು ಹನಿ ಕಣ್ಣೀರಿಲ್ಲದೆ. ಆಮೇಲೆ ಅದೇ ರಾತ್ರಿಯನ್ನು ಕಥೆ ತನ್ನ ರೀತಿಯಲ್ಲಿ ಹೇಳುತ್ತದೆ. ಒಂದೇ ಘಟನೆಗೆ ಎರಡು ಬಗೆಯ ಮಾತು. ಪುಸ್ತಕದ ತುಂಬಾ ಇವೆರಡೂ ಒಂದನ್ನೊಂದು ದಿಟ್ಟಿಸಿ ನೋಡುತ್ತವೆ.

ಪೊಲೀಸರು ಬಂದು ಏನು ಮಾಡುತ್ತಾರೆ? ಕಥೆ ಕೇಳಲು ಕೂತಿದ್ದವರನ್ನೆಲ್ಲ ಆರೋಪಿಗಳನ್ನಾಗಿ ಮಾಡುತ್ತಾರೆ. ಸೇರಿದ್ದೇ ತಪ್ಪು. ಹದಿನಾರನೇ ಕಲಮು ಸತ್ತು ನೂರಕ್ಕೂ ಹೆಚ್ಚು ವರ್ಷವಾದರೂ ಅದರ ನೆರಳು ಹೋಗಿಲ್ಲ. ಆಮೇಲೆ ಹೇಳಿಕೆ ಪಡೆಯುತ್ತಾರೆ. ಎಲ್ಲರೂ ನಡೆದದ್ದನ್ನೇ ಹೇಳುತ್ತಾರೆ: ಮಾತೇ ಅವನನ್ನು ಕೊಂದಿತು. ಅದನ್ನು ಬರೆದುಕೊಳ್ಳಲು ಮಹಜರಿನಲ್ಲಿ ಜಾಗವಿಲ್ಲ. ಹಾಗಾಗಿ ವಿಷ ಹಾಕಿದವರಾರು ಅಂತ ಹುಡುಕುತ್ತಾರೆ. ಇಲ್ಲಿ ಮೂವತ್ತನೇ ಕಲಮು ಬಂತು. ಇವರು ಹೇಳಿದ್ದು ಸಾಕ್ಷಿಯಲ್ಲ, ಬೇರೆ ಕಡೆಯಿಂದ ಸತ್ಯ ತಿಳಿಯಲು ಒಂದು ಟಿಪ್ಪಣಿ ಅಷ್ಟೆ.

ನನಗೆ ತುಂಬಾ ಹಿಡಿಸಿದ ಜಾಗ ವಿಚಾರಣೆಯದ್ದು. ಇನ್‌ಸ್ಪೆಕ್ಟರ್ ಪಿಲೊನ್ ಒಬ್ಬನನ್ನು ಫ್ರೆಂಚಿನಲ್ಲಿ ಕೇಳುತ್ತಾನೆ: ಹೆಸರು, ವಯಸ್ಸು, ಉದ್ಯೋಗ, ವಿಳಾಸ. ಅವನಿಗೆ ತಲೆಬುಡ ತಿಳಿಯುವುದಿಲ್ಲ. ಆಗ ಸಾರ್ಜೆಂಟ್ ಬುಆಫೆಸ್ ಅದನ್ನು ಜನರ ಮಾತಿಗೆ ತಿರುಗಿಸುತ್ತಾನೆ. ಯಾವ ಚಂಡಮಾರುತ ಆದಮೇಲೆ ಹುಟ್ಟಿದ್ದು? ಬಿಳಿ ಧಣಿಗೆ ಏನು ಕೆಲಸ ಮಾಡುತ್ತೀಯ? ರಾತ್ರಿ ಊರಿನ ಯಾವ ಕಡೆ ಮಲಗುತ್ತೀಯ? ಓದುವಾಗ ನಗು ಬರುತ್ತದೆ. ಆದರೆ ನಿಂತು ಯೋಚಿಸಿ. ಜನನ ಪತ್ರ ಇಲ್ಲದವನ ಬದುಕು ಗಾಳಿಮಳೆಯ ಲೆಕ್ಕದಲ್ಲಿದೆ. ಉದ್ಯೋಗ ಅಂದರೆ ಇವತ್ತಿಗೂ ಧಣಿಗೆ ಮಾಡುವ ಕೆಲಸ. ಮನೆ ಅಂದರೆ ಮಲಗುವ ಜಾಗ. ಒಂದು ಸರ್ಕಾರಿ ಫಾರ್ಮಿನ ನಾಲ್ಕು ಕಾಲಮ್ಮು ತುಂಬಿಸುವುದರೊಳಗೆ ಆ ದ್ವೀಪದ ಮುನ್ನೂರು ವರ್ಷ ಬಂದುಹೋಯಿತು.

ಬುಆಫೆಸ್ ಅನ್ನುವವನು ಹೊರಗಿನವನಲ್ಲ. ಅವನ ಮನೆಮಾತೂ ಕ್ರಿಯೋಲೇ. ಬೈಯಲು, ಹೊಡೆಯಲು ಕ್ರಿಯೋಲ್ ಬೇಕು, ಕಾನೂನು ಹೇಳಲು ಫ್ರೆಂಚ್ ಬೇಕು. ಪಿಲೊನ್ ಓದಿದವನು. ಶಾಲೆಯಲ್ಲಿ ಕ್ರಿಯೋಲ್ ಕಲಿಸಬೇಕು ಅಂತ ಮನವಿಗೆ ಸಹಿ ಹಾಕುತ್ತಾನೆ. ಆದರೆ ಅವನ ಮಕ್ಕಳು ಅವನೊಂದಿಗೆ ಕ್ರಿಯೋಲ್ ಮಾತಾಡಿದರೆ ಬೆಚ್ಚಿಬೀಳುತ್ತಾನೆ. ಈ ಸಾಲಿನಲ್ಲಿ ನಿಮಗೆ ನಮ್ಮ ಯಾರಾದರೂ ಪರಿಚಯದವರು ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಧಣಿ ಹೋದ ಮೇಲೂ ಧಣಿಯ ಭಾಷೆಗೆ ಇರುವ ಭಯ ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಈ ಇಬ್ಬರು ಪೊಲೀಸರನ್ನು ಇಟ್ಟಿದ್ದಾರೆ.

ವಿಚಾರಣೆ ಮುಗಿಯುವುದರೊಳಗೆ ಇನ್ನೂ ಇಬ್ಬರು ಸಾಯುತ್ತಾರೆ. ಸಹಾಯ ಹುಡುಕಿಕೊಂಡು ಓಡಿದ ದುದು-ಮೆನಾರ್ ಎಂಬ ಹೆಂಗಸು, ಮತ್ತು ಕಾಂಗೊ. ಅಪರಾಧವೇ ನಡೆಯದ ಜಾಗದಲ್ಲಿ ಅಪರಾಧ ಮಾಡಿದವರು ಕಾನೂನಿನವರು. ಕಾದಂಬರಿ ಇದನ್ನು ಬೆರಳು ತೋರಿಸಿ ಹೇಳುವುದಿಲ್ಲ. ಸುಮ್ನೆ ನಡೆಸಿಬಿಡುತ್ತದೆ.

ಹಾಗಾದರೆ ಮಾತು ಗಂಟಲು ಹಿಸುಕಿತು ಅಂದರೇನು? ಸೊಲಿಬೊ ಹಗಲಲ್ಲಿ ಮಾರುಕಟ್ಟೆಯಲ್ಲಿ ಇದ್ದಿಲು ಮಾರುವವನು. ಅವನಿಗೆ ಕೇಳುವವರು ಕಡಿಮೆಯಾಗುತ್ತಾ ಬಂದಿದ್ದಾರೆ. ಕಬ್ಬಿನ ತೋಟಗಳು ಮುಳುಗಿ ಜನ ಪಟ್ಟಣಕ್ಕೆ ಬಂದರು. ಸಾವಿನ ಮನೆಯ ಜಾಗರಣೆಗಳು ಕಡಿಮೆಯಾದವು. ಮಕ್ಕಳಿಗೆ ಫ್ರೆಂಚ್ ಕಲಿಸಿದರು. ಹೇಳುವುದು ತುಂಬಿಕೊಂಡಿದೆ, ಕೇಳುವ ಅಂಗಳ ಮಲಗಿಬಿಟ್ಟಿದೆ. ಹೊರಗೆ ಹೋಗಲಾಗದ ಮಾತು ಗಂಟಲಲ್ಲೇ ನಿಂತಿತು. ನಾನು ಓದಿದ್ದು ಹೀಗೆ. ನಿಮ್ಮ ಬಳಗದಲ್ಲಿ ಬೇರೆ ರೀತಿ ಓದಿದವರಿದ್ದರೆ ಅವರ ಮಾತಿಗೂ ಪುಸ್ತಕದಲ್ಲಿ ಜಾಗವಿದೆ.

ಇನ್ನೊಂದು ವಿಷಯವನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಬಂಧನವಾದವರಲ್ಲಿ ಶಾಮ್ವಾಜೊ ಎಂಬ ಒಬ್ಬನಿದ್ದಾನೆ. ಲೇಖಕ ತನ್ನನ್ನೇ ಆರೋಪಿಗಳ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ತಾನು ಬರಹಗಾರನಲ್ಲ, ಮಾತನ್ನು ಗುರುತು ಹಾಕಿಕೊಳ್ಳುವವನು ಮಾತ್ರ ಅನ್ನುತ್ತಾನೆ. ಯಾಕೆ? ಪೊಲೀಸರೂ ಜನರ ಮಾತು ಬರೆದುಕೊಳ್ಳುತ್ತಾರೆ, ಇವನೂ ಬರೆದುಕೊಳ್ಳುತ್ತಾನೆ. ತನ್ನ ನೋಟ್‌ಬುಕ್ಕು ಇನ್ನೊಂದು ಮಹಜರು ಆಗಿಬಿಟ್ಟರೆ ಅನ್ನುವ ಭಯ ಅವನಿಗಿದೆ. ಸೊಲಿಬೊ ಬದುಕಿದ್ದಾಗ ಅವನಿಗೆ ಇದನ್ನೇ ಹೇಳಿರುತ್ತಾನೆ. ಬರಹ ನನ್ನ ಮಾತಿನ ಕಡೆಗೆ ಕೈ ಚಾಚಬಹುದು, ಮುಟ್ಟಲಾರದು ಎಂಬ ಅರ್ಥದ ಮಾತು ಅದು. ತನ್ನ ಅಧಿಕಾರದ ಮೇಲೆ ಇಷ್ಟು ಅನುಮಾನ ಇಟ್ಟುಕೊಂಡ ಲೇಖಕರು ಕಡಿಮೆ. ನನಗೆ ಈ ಪುಸ್ತಕದ ಮೇಲೆ ಗೌರವ ಬಂದದ್ದು ಇದರಿಂದ.

ಈಗ ಫ್ರೆಂಚಿನ ಪ್ರಶ್ನೆ. ಕ್ರಿಯೋಲಿನಲ್ಲೇ ಬರೆದವರು ಇಲ್ಲದಿಲ್ಲ. ಶಾಮ್ವಾಜೊ ಅವರ ಗೆಳೆಯ ರಾಫಾಯೆಲ್ ಕೊಂಫಿಯಾನ್ ಮೊದಲು ಕ್ರಿಯೋಲಿನಲ್ಲೇ ಪುಸ್ತಕ ಬರೆದರು. ಓದುವವರು ಸಿಗಲಿಲ್ಲ. ಕ್ರಿಯೋಲ್ ಮಾತಾಡುವ ಎಲ್ಲರೂ ಶಾಲೆಯಲ್ಲಿ ಕಲಿತದ್ದು ಫ್ರೆಂಚ್ ಓದಲು. ಕೊನೆಗೆ 1988ರಲ್ಲಿ ಕೊಂಫಿಯಾನ್ ಕೂಡ ಫ್ರೆಂಚ್ ಕಾದಂಬರಿ ತಂದರು. ಹೈಟಿಯಲ್ಲಿ ಫ್ರಾಂಕೆತಿಯೆನ್ 1975ರಲ್ಲಿ ‘ದೆಜಾಫಿ’ ಎಂಬ ಕಾದಂಬರಿಯನ್ನು ಕ್ರಿಯೋಲಿನಲ್ಲಿ ಬರೆದರು. ಆದರೆ ಅಲ್ಲಿ ದೇಶದ ಬಹುತೇಕ ಎಲ್ಲರ ಮಾತೂ ಅದೇ, 1804ರಲ್ಲೇ ಸ್ವತಂತ್ರವಾದ ದೇಶ. ಪರಿಸ್ಥಿತಿ ಬೇರೆ.

ಶಾಮ್ವಾಜೊ ಹಿಡಿದ ದಾರಿ ಫ್ರೆಂಚಿನೊಳಗೇ ಅಂಗಳ ಕಟ್ಟುವುದು. ವಾಕ್ಯದ ಓಟ ಕ್ರಿಯೋಲಿನದು. ಬೈಗುಳ, ಗಾದೆ, ಅಡ್ಡಹೆಸರು ಎಲ್ಲ ಅಲ್ಲಿಯದು. ಪ್ಯಾರಿಸ್ಸಿನ ಓದುಗ ಅಲ್ಲಲ್ಲಿ ಎಡವುತ್ತಾನೆ, ಎಡವಲಿ ಅಂತಲೇ ಬಿಟ್ಟಿದ್ದಾರೆ. ಧಣಿಯ ಕಿವಿಗೆ ಬಿದ್ದರೂ ಪೂರ್ತಿ ಸಿಗದಂತೆ ಮಾತಾಡುವ ಹಳೆಯ ಕಥೆಗಾರನ ಜಾಣತನ ಇದೇ ಅಲ್ವಾ? ಇಂಗ್ಲಿಷಿನಲ್ಲಿ ಓದುವಾಗ ನಿಮಗಾದ ಕಷ್ಟದಲ್ಲಿ ಸ್ವಲ್ಪ ಪಾಲು ಇದರದ್ದೂ ಇರಬಹುದು. ಕೊಂಫಿಯಾನ್ ಮತ್ತು ಭಾಷಾತಜ್ಞ ಜಾಂ ಬೆರ್ನಾಬೆ ಜೊತೆ ಸೇರಿ ಶಾಮ್ವಾಜೊ 1989ರಲ್ಲಿ ಈ ದಾರಿಯ ಬಗ್ಗೆ ಒಂದು ಪುಟ್ಟ ಪ್ರಣಾಳಿಕೆಯನ್ನೇ ಪ್ರಕಟಿಸಿದರು. ನಾವು ಯುರೋಪಿನವರೂ ಅಲ್ಲ, ಆಫ್ರಿಕದವರೂ ಅಲ್ಲ, ಏಷ್ಯಾದವರೂ ಅಲ್ಲ, ಕ್ರಿಯೋಲರು ಅಂತ ಅದರ ಮೊದಲ ಸಾಲಿನ ಸಾರ. ಏಷ್ಯಾ ಅಂದದ್ದು ಸುಮ್ನೆ ಅಲ್ಲ. 1853ರಿಂದ ಪುದುಚೇರಿ, ಕಾರೈಕಾಲ್ ಕಡೆಯಿಂದ ಕೂಲಿಗಾಗಿ ಹೋದ ತಮಿಳರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ.

ಕನ್ನಡ ನಾಡಿನವರಿಗೆ ಇದು ಪೂರ್ತಿ ಹೊಸದೂ ಅಲ್ಲ. ಹಾಸನದಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ರಾಜಾ ರಾವ್ 1938ರಲ್ಲಿ ‘ಕಾಂತಾಪುರ’ ಬರೆದರು. ಅದು ಇಂಗ್ಲಿಷಿನಲ್ಲಿದೆ, ಆದರೆ ಹೇಳುವವಳು ಹಳ್ಳಿಯ ಒಬ್ಬ ಅಜ್ಜಿ. ಉಸಿರು ಬಿಡದೆ, ಸ್ಥಳಪುರಾಣದಂತೆ ಹೇಳುತ್ತಾಳೆ. ಅದರಲ್ಲಿ ಜಯರಾಮಾಚಾರ್ ಎಂಬ ಹರಿಕಥೆ ದಾಸರು ಬರುತ್ತಾರೆ. ದೇವರ ಕಥೆಯ ಜೊತೆಗೆ ಗಾಂಧಿಯ ಕಥೆಯನ್ನೂ ಬೆರೆಸಿ ಹೇಳುತ್ತಾರೆ. ಬ್ರಿಟಿಷರ ಪೊಲೀಸರು ಅವರನ್ನು ಹಿಡಿದುಕೊಂಡು ಹೋಗುತ್ತಾರೆ. ಸೊಲಿಬೊ ಮತ್ತು ಈ ದಾಸರ ನಡುವೆ ಯಾವ ನೇರ ಸಂಬಂಧವೂ ಇಲ್ಲ. ಆದರೂ ಎರಡೂ ಕಡೆ ಪೊಲೀಸರು ಮೊದಲು ಬಂದದ್ದು ಜನ ಸೇರಿ ಕಥೆ ಕೇಳುವ ಜಾಗಕ್ಕೇ. ನಿಮ್ಮ ಬಳಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಳ್ಳೆಯ ಚರ್ಚೆಯಾದೀತು.

ಕಥೆಗಾರ ಸೋತೇ ಹೋದನಾ ಅಂತ ಕೇಳಿದರೆ ನಾನು 1992ರ ‘ಟೆಕ್ಸಾಕೊ’ ಕಡೆ ಕೈ ತೋರಿಸುತ್ತೇನೆ. ಶಾಮ್ವಾಜೊ ಅವರಿಗೆ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್ ತಂದುಕೊಟ್ಟ ಕಾದಂಬರಿ ಅದು. ಟೆಕ್ಸಾಕೊ ಅನ್ನುವುದು ಫೋರ್-ದ-ಫ್ರಾನ್ಸ್ ಅಂಚಿನಲ್ಲಿ, ಎಣ್ಣೆ ಕಂಪನಿಯ ಟ್ಯಾಂಕುಗಳ ಪಕ್ಕ ಎದ್ದ ಜೋಪಡಿಗಳ ಕೇರಿ. ನಿಜವಾಗಿಯೂ ಇದ್ದ ಕೇರಿ. ಕಾದಂಬರಿಯಲ್ಲಿ ಅದನ್ನು ಕೆಡವಿಸಲು ಪಟ್ಟಣ ಯೋಜನೆಯ ಅಧಿಕಾರಿಯೊಬ್ಬ ಬರುತ್ತಾನೆ. ಯಾರೋ ಅವನ ಮೇಲೆ ಕಲ್ಲು ಎಸೆಯುತ್ತಾರೆ. ಗಾಯಗೊಂಡ ಅವನನ್ನು ಮರಿ-ಸೋಫಿ ಲಬೋರಿಯೋ ಎಂಬ ಹಿರಿಯ ಹೆಂಗಸಿನ ಗುಡಿಸಲಿಗೆ ತರುತ್ತಾರೆ. ಅವಳು ಅವನಿಗೆ ಹಳೆಯ ರಮ್ಮು ಕೊಟ್ಟು ಕಥೆ ಹೇಳಲು ಕೂರುತ್ತಾಳೆ. ಗುಲಾಮನಾಗಿ ಹುಟ್ಟಿದ ತನ್ನ ಅಪ್ಪ ಎಸ್ತೆರ್ನೋಮ್‌ನಿಂದ ಶುರು.

ಅವಳ ಕಾಲದ ಲೆಕ್ಕ ನೋಡಿ. ರಾಜರ ಹೆಸರಿಲ್ಲ, ಗವರ್ನರ್‌ಗಳ ಹೆಸರಿಲ್ಲ. ಹುಲ್ಲಿನ ಕಾಲ, ಪೆಟ್ಟಿಗೆ ಹಲಗೆಯ ಕಾಲ, ಸಿಮೆಂಟ್ ಶೀಟಿನ ಕಾಲ, ಕಾಂಕ್ರೀಟಿನ ಕಾಲ. ಬಡವರು ಯಾವುದರಿಂದ ಗುಡಿಸಲು ಕಟ್ಟಿದರೋ ಅದೇ ಯುಗದ ಹೆಸರು. ಫ್ರೆಂಚ್ ಪಠ್ಯಪುಸ್ತಕದ ಚರಿತ್ರೆಯನ್ನು ಅವಳು ವಾದ ಮಾಡಿ ಸೋಲಿಸುವುದಿಲ್ಲ. ಪಕ್ಕಕ್ಕೆ ಸರಿಸಿ ತನ್ನದನ್ನು ಹೇಳುತ್ತಾಳೆ. ಅಧಿಕಾರಿ ಕೇಳುತ್ತಾ ಕೇಳುತ್ತಾ ಬದಲಾಗುತ್ತಾನೆ. ಕೇರಿ ಉಳಿಯುತ್ತದೆ. ಮೂವತ್ತನೇ ಕಲಮು ಯಾರ ಮಾತನ್ನು ಸಾಕ್ಷಿಯಲ್ಲ ಅಂದಿತ್ತೋ, ಅವರ ಮಗಳ ಮಾತನ್ನು ಸರ್ಕಾರದ ಮನುಷ್ಯ ಕೂತು ಕೇಳಬೇಕಾಯಿತು. ನನಗೆ ಸೊಲಿಬೊಗಿಂತ ಈ ಪುಸ್ತಕವೇ ಹೆಚ್ಚು ಇಷ್ಟ. ಉದ್ದ ಜಾಸ್ತಿ, ಆದರೆ ದಾರಿ ತಪ್ಪುವುದಿಲ್ಲ.

ಇವೆರಡಕ್ಕೂ ಮೊದಲಿನ ಕಾದಂಬರಿಯೊಂದಿದೆ, ಜೋಸೆಫ್ ಜೊಬೆಲ್ ಅವರದು, 1950ರದ್ದು. ಹೆಸರು ‘ಕರಿಯರ ಗುಡಿಸಲು ಬೀದಿ’ ಎಂಬ ಅರ್ಥದ್ದು. ಅದರಲ್ಲಿ ಮೆದೂಜ್ ಎಂಬ ಮುದುಕ ಕಬ್ಬಿನ ಕೂಲಿಯ ಹುಡುಗನಿಗೆ ಸಂಜೆ ಒಗಟು, ಕಥೆ ಹೇಳುತ್ತಾನೆ. ಗುಲಾಮಗಿರಿ ಹೋಯಿತೆಂದು ಅವನ ಅಪ್ಪ ಕುಣಿದು ಓಡಿದನಂತೆ. ಆಮೇಲೆ ನೋಡಿದರೆ ನೆಲವೆಲ್ಲ ಹಳೆಯ ಧಣಿಗಳದ್ದೇ. ವಾಪಸ್ ಅದೇ ಕಬ್ಬು. ಮುದುಕ ಕಬ್ಬಿನ ಗದ್ದೆಯಲ್ಲೇ ಸಾಯುತ್ತಾನೆ. ಅವನ ಜಾಗರಣೆಯ ರಾತ್ರಿ ಅವನಿಗಾಗಿ ಬೇರೆಯವರು ಕಥೆ ಹೇಳುತ್ತಾರೆ. ಬಳಗದಲ್ಲಿ ಯಾರಿಗಾದರೂ ಶಾಮ್ವಾಜೊ ಕಷ್ಟ ಅನ್ನಿಸಿದ್ದರೆ ಇದರಿಂದ ಶುರು ಮಾಡಲಿ. ತುಂಬಾ ಸರಳವಾದ ಬರಹ. 1983ರಲ್ಲಿ ಯೂಜಾನ್ ಪಾಲ್ಸಿ ಇದನ್ನು ಸಿನಿಮಾ ಮಾಡಿದ್ದಾರೆ.

ಜಮೈಕಾದಲ್ಲಿ ಮೊಲದ ಜಾಗಕ್ಕೆ ಅನಾನ್ಸಿ ಎಂಬ ಜೇಡ ಇದೆ. ಪಶ್ಚಿಮ ಆಫ್ರಿಕದ ಅಕಾನ್ ಜನರಿಂದ ಬಂದವನು. ಇಂಗ್ಲಿಷರ ದ್ವೀಪಗಳ ಕಥೆ ಉದ್ದವಾಗುತ್ತದೆ, ಅದನ್ನು ಇನ್ನೊಂದು ಪ್ರಶ್ನೆಗೆ ಇಟ್ಟುಕೊಳ್ಳೋಣ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಸೊಲಿಬೊ ಪುಸ್ತಕದ ಕಡೆಯ ಪುಟಗಳಲ್ಲಿ, ಪೊಲೀಸರ ಕಾಗದವೆಲ್ಲ ಮುಗಿದ ಮೇಲೆ, ಬದುಕುಳಿದವರು ನೆನಪಿನಿಂದ ಹೆಕ್ಕಿ ಜೋಡಿಸಿದ ಸೊಲಿಬೊನ ಮಾತಿದೆ. ಅಷ್ಟು ಹೊತ್ತಿಗೆ ಇನ್‌ಸ್ಪೆಕ್ಟರ್ ಪಿಲೊನ್‌ನ ಪ್ರಶ್ನೆಯೂ ಬದಲಾಗಿರುತ್ತದೆ. ಕೊಂದದ್ದು ಯಾರು ಅನ್ನುವುದನ್ನು ಬಿಟ್ಟು, ಈ ಸೊಲಿಬೊ ಯಾರಾಗಿದ್ದ ಅಂತ ಅವನು ಕೇಳತೊಡಗಿರುತ್ತಾನೆ. ಆ ಕಡೆಯ ಭಾಗವನ್ನು ಹೆಚ್ಚಿನವರು ಅರ್ಥವಾಗದೆ ಹಾರಿಸಿಬಿಡುತ್ತಾರೆ. ನಾನೂ ಮೊದಲು ಹಾರಿಸಿದ್ದೆ. ನಿಮ್ಮ ಮುಂದಿನ ಸಭೆಯಲ್ಲಿ ಅದನ್ನು ಒಬ್ಬರು ಗಟ್ಟಿಯಾಗಿ ಓದಲಿ. ಅರ್ಥ ಕೇಳಲು ಮಧ್ಯೆ ನಿಲ್ಲಿಸಬೇಡಿ. ‘ಕ್ರಿಕ್’ ಬಂದಲ್ಲಿ ಉಳಿದವರು ‘ಕ್ರಾಕ್’ ಅನ್ನಿ. ಹೇಗಿತ್ತು ಅಂತ ನನಗೆ ಬರೆಯಿರಿ.